ಕಾಜಾ ಮಷಿನ್ ಇರುವ ಮನೆ

ರಾತ್ರಿ ಹನ್ನೊಂದಕ್ಕೆ ಬ್ಯಾಚ್ ಬಿಡುತ್ತಾರೆ.
ನಾಲ್ಕು ಸಾವಿರದ ಮುನ್ನೂರು ಜಾಬು,
ನಾಲ್ಕು ಮೇನ್‌ಫ್ರೇಮ್, ಒಂದೇ ಕುರ್ಚಿ.
ಅದರಲ್ಲಿ ಗಾದಿಲಿಂಗಪ್ಪ.
ಬಳ್ಳಾರಿಯ ಮೇ ತಿಂಗಳಲ್ಲೂ ಕೊರಳಿಗೆ ಮಫ್ಲರ್,
ತೊಡೆಯ ಮೇಲೆ ಒಗ್ಗರಣೆ ಪೊಟ್ಟಣ,
ಜಾಬಿನ ಹೆಸರಿನ ಮೊದಲ ಮೂರಕ್ಷರ ಓದಿ
ಬೆರಳು ಒತ್ತುತ್ತಾನೆ:
ಒಂದಕ್ಕೆ, ಮೂರಕ್ಕೆ, ಒಂದಕ್ಕೆ, ಎರಡಕ್ಕೆ.
ಇಪ್ಪತ್ತಾರು ವರ್ಷ.

ನನ್ನನ್ನು ಕರೆಸಿದ್ದು
ಆ ಬೆರಳನ್ನು ಕೋಷ್ಟಕ ಮಾಡಲು.

ಸಾಫ್ಟ್‌ವೇರ್ ಒಂದಿದೆ, ವಿಂಗಡಿಸುವಂಥದ್ದು.
ಅದರ ಒಡೆಯರು ಮಾಡಿದ ಕೆಲಸಕ್ಕೆ ಕೂಲಿ ಕೇಳುವುದಿಲ್ಲ,
ಅದು ಕೂತ ಯಂತ್ರದ ಗಾತ್ರಕ್ಕೆ ಕೇಳುತ್ತಾರೆ.
ಮಲಗಿದ್ದರೂ ಬಾಡಿಗೆ.
ನಾಲ್ಕೂ ಕಡೆ ಕೂತಿದೆ,
ಬೇಕಾಗುವುದು ಇನ್ನೂರ ಹನ್ನೊಂದು ಜಾಬಿಗೆ.
ಮೀಟಿಂಗಿನಲ್ಲಿ ಯಾರೋ ಬೋರ್ಡಿನ ಮೇಲೆ ಬಾಣ ಬಿಡಿಸುತ್ತಿದ್ದರು,
ನಾನು ಕೌಲ್ ಬಜಾರಿಗೆ ಹೋಗಿಬಿಟ್ಟಿದ್ದೆ.

ಅಲ್ಲಿ ಜೀನ್ಸ್ ಒಂದೇ ಮನೆಯಲ್ಲಿ ಹುಟ್ಟುವುದಿಲ್ಲ.
ಕಾಲು ಒಬ್ಬರಲ್ಲಿ, ಜೇಬು ಇನ್ನೊಬ್ಬರಲ್ಲಿ,
ಬೆಲ್ಟಿನ ಲೂಪು ಓಣಿ ತುದಿಯ ಹುಡುಗಿಯರಲ್ಲಿ.
ಕಾಜಾ ಮಷಿನ್ ಮಾತ್ರ ರುಕ್ಮಾಬಾಯಿ ಅತ್ತೆಯ ಮನೆಯಲ್ಲಿ,
ಅದೂ ಬಾಡಿಗೆಯದು,
ಹೊಡೆದರೂ ಅಷ್ಟೆ, ಬಟ್ಟೆ ಹೊದಿಸಿಟ್ಟರೂ ಅಷ್ಟೆ.
ಇನ್ನೊಂದು ತರಿಸೋಣ ಎಂದು ಸೇಠ್ ಅಂದಾಗ
ಹಲ್ಲಲ್ಲಿ ಕಚ್ಚಿದ್ದ ದಾರ ಉಗಿದು ಅತ್ತೆ ಅಂದದ್ದು:
"ಮಷಿನ್ ಯಾಕ ಮನಿಮನಿಗೆ? ಗಂಟು ತಿರುಗಲಿ."

ಗಂಟು ತಿರುಗಿಸುವವನು ಶೇಕ್ಷಾವಲಿ.
ಮೊಪೆಡ್ಡಿನ ಮುಂದೆ ಇಪ್ಪತ್ತು ಪ್ಯಾಂಟು, ಹಿಂದೆ ನಲವತ್ತು,
ನಡುವೆ ಎಲ್ಲೋ ಅವನು.
ಗಂಟಿಗೆ ಕಟ್ಟಿದ ಚಿಂದಿಯ ಬಣ್ಣ ನೋಡಿಯೇ ಓಣಿ ಹೊರಳುತ್ತಿದ್ದ.
ಕೆಂಪು ಅಂದರೆ ಕಾಜಾ ಬಾಕಿ.
ಚಿಂದಿ ಹರಿದು ಕಟ್ಟುತ್ತಿದ್ದವಳು ನಾನು,
ಎಂಟು ವರ್ಷ, ಉಗುರಿಗೆಲ್ಲ ನೀಲಿ.

ಅದನ್ನೇ ಬರೆದೆ.
ಜಾಬಿನ ಒಡಲಲ್ಲಿ ಕೈಯಾಡಿಸು.
ಆ ಸಾಫ್ಟ್‌ವೇರಿನ ಹೆಸರು ಸಿಕ್ಕರೆ ಕೆಂಪು ಚಿಂದಿ ಕಟ್ಟಿ
ಮೂರನೆಯ ಯಂತ್ರಕ್ಕೆ ಕಳಿಸು.
ಸಿಗದಿದ್ದರೆ ಎಲ್ಲಿ ಜಾಗವೋ ಅಲ್ಲಿಗೆ.
ಮೂರನೆಯದು ಮಲಗಿದ್ದರೆ ಕಾಯಿ,
ಬೇರೆ ಬಾಗಿಲು ತಟ್ಟಬೇಡ.
ಇಷ್ಟು ಹೇಳಲು ಆರುನೂರು ಸಾಲು ಹಿಡಿಯಿತು.

ಮೂರು ವಾರ ಅವನ ಪಕ್ಕ ಕೂತು
ಬೆರಳಿಗೂ ಕೋಷ್ಟಕಕ್ಕೂ ತಾಳೆ ನೋಡಿದೆ.
ಜಗಳ ಬಂದಲ್ಲಿ ಹತ್ತಕ್ಕೆ ಒಂಬತ್ತು ಸಲ ಬೆರಳೇ ಸರಿ.
"ಹೆಸರು ಹಂಗೈತೆ ಅಷ್ಟೆ, ಒಳಗ ಬ್ಯಾರೇನೇ ಐತೆ," ಅನ್ನುತ್ತಿದ್ದ
ಬೀಗರ ಬಗ್ಗೆ ಹೇಳುವ ಹಾಗೆ.

ಒಂದು ಜಾಬು ಮಾತ್ರ ಕೊನೆಗೂ ಹೊಂದಲಿಲ್ಲ.
ಕೆಂಪು ಚಿಂದಿಯಿಲ್ಲ, ತುರ್ತು ಗುರುತಿಲ್ಲ,
ಹೊರೆ ಇಳಿದ ಮೇಲೆ, ಆರರ ಸುಮಾರಿಗೆ ಓಡಿಸಿದರೆ ಅಗ್ಗ.
ಅವನು ದಿನಾ ಎರಡೂವರೆಗೇ ನೂಕುತ್ತಾನೆ.
ಯಾಕೆ ಎಂದೆ.
"ಅದಿರು ಲೋಡಿಂಗಿನವರ ಕೂಲಿ ಅದು.
ಐದಕ್ಕ ಅವರ ಟ್ರ್ಯಾಕ್ಸ್ ಸಂಡೂರಿಗೆ ಹೊಂಟುಬಿಡ್ತೈತೆ.
ಅಷ್ಟರಾಗ ರೊಕ್ಕ ಬಿದ್ರ
ಮನ್ಯಾಗ ಕೊಟ್ಟು ಹೋಗ್ತಾರ."
ಇದು ಎಲ್ಲಿ ಬರೆದಿದೆ ಎಂದೆ.
ಒಗ್ಗರಣೆಯಲ್ಲಿ ಶೇಂಗಾ ಹುಡುಕತೊಡಗಿದ.

ಮೂರು ಲೈಸೆನ್ಸ್ ವಾಪಸು ಕೊಟ್ಟೆವು.
ವರ್ಷಕ್ಕೆ ತೊಂಬತ್ತೆರಡು ಲಕ್ಷ ಉಳಿಯಿತು, ಕೇಕು ಕತ್ತರಿಸಿದರು.
ಗಾದಿಲಿಂಗಪ್ಪನಿಗೆ ಹಗಲು ಪಾಳಿ.
ಹಗಲಲ್ಲಿ ಅವನಿಗೆ ಕೆಲಸವಿಲ್ಲ, ರಾತ್ರಿ ನಿದ್ದೆಯಿಲ್ಲ.
ಮಫ್ಲರ್ ಇನ್ನೂ ಅದೇ ಕುರ್ಚಿಯ ಮೇಲಿದೆ,
ಯಾರೂ ಒಯ್ದಿಲ್ಲ.

ಆಡಿಟಿಗೆ ಬಂದ ಹುಡುಗ ಪಟ್ಟಿಯ ಮೇಲೆ ಬೆರಳಿಟ್ಟ,
ಎಳೆ ಬೆರಳು, ಏನನ್ನೂ ಒತ್ತದ್ದು.
ನೂರ ಹದಿನೇಳನೆಯ ನಿಯಮ, ಮೇಡಂ,
ಕಾರಣದ ಕಾಲಮ್ಮು ಖಾಲಿ.
ಇದೊಂದೇ ದುಬಾರಿ ಹೊತ್ತಲ್ಲಿ ಓಡುತ್ತಿದೆ. ತೆಗೆಯೋಣವೇ?

ಅವನ ಎದುರೇ ಟೈಪು ಮಾಡಿದೆ:
ಐದಕ್ಕೆ ಟ್ರ್ಯಾಕ್ಸ್.

ಬರೆದುಕೊಂಡ.
ಅದು ಯಾವ ಕಂಪನಿಯ ಸಾಫ್ಟ್‌ವೇರ್ ಎಂದು ಕೇಳಿದ.