ಬಾಯಿಕಾವಲು

ಕೊಹ್ಟ್ಲಾ-ಯಾರ್ವೆಯಲ್ಲಿ ಬೆಳಗ್ಗೆ ಮೈನಸ್ ಒಂಬತ್ತು.
ಹದಿನಾಲ್ಕನೇ ಟ್ಯಾಂಕಿನ ಸೊಂಟದಲ್ಲೊಂದು ದುಂಡು ಬಾಯಿ,
ಅದರ ಮುಂದೆ ಮಡಚುವ ಕುರ್ಚಿ ಹಾಕಿ ಕೂತವಳು ಮೈಮು.

ಫೀನಾಲ್ ಬಸಿದು ಹೋಗಿ ಹತ್ತು ದಿನ.
ಪೈಪು ಕಳಚಿ, ಕುರುಡು ತಟ್ಟೆ ಬಿಗಿದು,
ಮೂರು ಸಲ ತೊಳೆದದ್ದಾಗಿದೆ.
ಆದರೂ ಇಂಗಿನ ಡಬ್ಬಿ ಇಂಗಿನ ಡಬ್ಬಿಯೇ:
ತುಕ್ಕಿನ ಪದರದ ಹಿಂದೆ, ತಳದ ಕೆಸರಿನಲ್ಲಿ
ಖಾಲಿ ಇನ್ನೂ ಪೂರ್ತಿ ಖಾಲಿಯಾಗಿಲ್ಲ.

ವಾಸನೆ ಬಂದರೆ ಪುಣ್ಯ, ಅನ್ನುತ್ತಾಳೆ.
ಸಾರಜನಕಕ್ಕೆ ವಾಸನೆಯಿಲ್ಲ.
ಎಪ್ಪತ್ತೊಂಬತ್ತರಲ್ಲಿ ಅಪ್ಪ ಇಳಿದದ್ದು ಕೆಲಸಕ್ಕಲ್ಲ,
ಒಳಗೆ ಬಿದ್ದಿದ್ದ ಎಂಡೆಲ್‌ನನ್ನು ಎತ್ತಲು.
ಅಪ್ಪನನ್ನು ಎತ್ತಲು ಇನ್ನೊಬ್ಬ.
ಮೂರು ಜೊತೆ ಗಮ್‌ಬೂಟು ಮನೆಗೆ ಮರಳಿದವು,
ಅವೂ ಅದಲುಬದಲಾಗಿ.

ಈಗ ಅವಳ ಕೆಲಸ ಇಷ್ಟೇ:
ಹೋದವನ ಹೆಸರು ಹಲಗೆಯ ಮೇಲೆ ಬರೆಯುವುದು,
ಮೀಟರು ಇಪ್ಪತ್ತು ಪಾಯಿಂಟ್ ಎಂಟರಲ್ಲೇ ಇದೆಯೇ ನೋಡುವುದು,
ಹಗ್ಗ ಜಗ್ಗಿದರೆ ತಿರುಗಿ ಜಗ್ಗುವುದು.
ಮತ್ತು ಏನೇ ಆಗಲಿ,
ಒಳಗಿಂದ ಯಾರೇ ಕೂಗಲಿ, ಕೂಗದಿರಲಿ,
ಸೀಟಿ ಊದಿ, ರಾಟೆ ತಿರುಗಿಸಿ,
ತಾನು ಮಾತ್ರ
ಹೋಗದೇ ಇರುವುದು.

ಇಪ್ಪತ್ತಾರು ವರ್ಷದಿಂದ ಅವಳು ಹೋಗಿಲ್ಲ.
ಅದೇನು ಸುಲಭವೇ.

ಹತ್ತೂವರೆಗೆ ರೈವೋ ತಲೆ ಹೊರಹಾಕಿದ.
ಮುಖವಾಡ ಕಿತ್ತವನೇ ಮೊದಲು ಬೈದದ್ದು
ಒದ್ದೆಯಾದ ಕಾಲುಚೀಲವನ್ನು.
ನಾಳೆ ನೀರಿನ ಗರಗಸ ಬರುತ್ತದಂತೆ, ಎಂದ,
ಕಿಡಿ ಹಾರದ ಹಾಗೆ ಕೊಯ್ಯುತ್ತಾರಂತೆ.
ಮೈಮು ಅವನ ಹೆಸರನ್ನು ಅಂಗೈಯಿಂದಲೇ ಅಳಿಸಿದಳು,
ಫ್ಲಾಸ್ಕು ತೋರಿಸಿದಳು, ಗಲ್ಲದಿಂದ.
ತಾನು ಕುಡಿಯಲಿಲ್ಲ.
ಹಗ್ಗ ಇನ್ನೂ ಎಡಗೈಯಲ್ಲಿತ್ತು.
ಒಳಗೆ ಕಾರ್ಮೋ ಇದ್ದಾನೆ.