ರೋಡ್ ರೋಲರ್ ಬಂದ ಶನಿವಾರ

ಕೆತ್ತುವುದೆಲ್ಲ ತಿರುಗಾಮುರುಗಾ ಕೆತ್ತಬೇಕು,
ಅಚ್ಚಾದಾಗ ನೆಟ್ಟಗಾಗುತ್ತದೆ ಎಂದೆ.
ಬ್ರಾಡ್‌ಫರ್ಡಿನ ಹಳೆಯ ಉಣ್ಣೆ ಗಿರಣಿ, ಮೂರನೇ ಮಹಡಿ,
ಹೀಟರು ಕೆಟ್ಟು ಹನ್ನೊಂದು ದಿನ.
ಕೋಟು ಬಿಚ್ಚದೆ ಕೂತಿದ್ದರು ಒಂಬತ್ತು ಮಂದಿ.
‘ನಮ್ಮ ಬದುಕೂ ಹಂಗೇನಾ ಮಿಸ್?’ ಅಂದ ಕೀರನ್.
ನಗಿಸಲಿಕ್ಕೆ ಅಂದದ್ದು. ಯಾರೂ ನಗಲಿಲ್ಲ.

ಎಂಟಡಿ ಉದ್ದದ ಪ್ಲೈವುಡ್ ಹಲಗೆ ನಾಲ್ಕು.
ಅವುಗಳ ಮೇಲೆ ಅವರದೇ ಬೀದಿ:
ಮುಚ್ಚಿದ ಈಜುಕೊಳ, ಎಂದೂ ಮುಚ್ಚದ ಕಬಾಬ್ ಅಂಗಡಿ,
ಹೊತ್ತಿಗೆ ಬಾರದ ಬಸ್ಸು,
ರಾತ್ರಿಪಾಳಿ ಮುಗಿಸಿ ಮೊಹ್ಸಿನನ ಅಜ್ಜ
ಇದೇ ಗಿರಣಿಯಿಂದ ಹೊರಬರುತ್ತಿದ್ದ ಬಾಗಿಲು.
ಬಾಗಿಲು ಕೆತ್ತಿದ, ಅಜ್ಜನನ್ನು ಕೆತ್ತಲಿಲ್ಲ.
ಯಾಕೋ ಎಂದರೆ,
‘ಪಾಳಿ ಇನ್ನೂ ಮುಗಿದಿಲ್ಲ.’

ಉಳಿ ಹಿಡಿದೇ ಗೊತ್ತಿಲ್ಲದ ಕೈಗಳು.
ಎಳೆಯ ಜೊತೆ ಹೋಗಿ, ಎದುರು ಹೋದರೆ ಸಿಬಿರು ಏಳುತ್ತೆ,
ಹೇಳಿ ಹೇಳಿ ನನ್ನ ಗಂಟಲು ಒಣಗಿತು.
ಜುಜಾನಾ ಮಾತ್ರ ಎದುರೇ ಹೋದಳು.
ಅವಳಿಗೆ ಬೇಕಾದದ್ದು ಸಿಬಿರೇ.
ಇಲ್ಲಿ ಮಳೆ ಹೀಗೇ ಅಲ್ವಾ ಬೀಳೋದು, ಅಡ್ಡಡ್ಡ.

ಹಳೇ ಬೆಡ್‌ಶೀಟು ಕೇಳಿಕೊಂಡು ಮನೆ ಮನೆ ಮೆಟ್ಟಿಲು ಹತ್ತಿದರು.
ಹೂವಿನದು, ಗೀರಿನದು, ಟೀ ಕಲೆಯದು.
ಒಬ್ಬಾಕೆ ಕೊಟ್ಟದ್ದು ಜೋಡಿ ಮಂಚದ್ದು, ಇಸ್ತ್ರಿ ಮಾಡಿದ್ದು.
‘ಈಗ ಸಿಂಗಲ್ ಸಾಕು’ ಎಂದಳಂತೆ,
ಥ್ಯಾಂಕ್ಸ್ ಹೇಳುವಷ್ಟರಲ್ಲಿ ಬಾಗಿಲು ಹಾಕಿದಳಂತೆ.

ಶನಿವಾರ. ಕೌನ್ಸಿಲ್ ಕಳಿಸಿದ ಹಳದಿ ರೋಲರು,
ಅದರ ಮೇಲೆ ಪಿಕರ್ಸ್‌ಗಿಲ್, ಮುಖದಲ್ಲಿ ಒಂದು ಗೆರೆ ಸರಿಯದ ಮನುಷ್ಯ.
ಇಪ್ಪತ್ತೆರಡು ವರ್ಷ ಡಾಂಬರು ಒತ್ತಿದವನು,
ಹಾಸಿಗೆಬಟ್ಟೆಯ ಮೇಲೆ ಹತ್ತಿಸಿದ್ದು ಇದೇ ಮೊದಲು.
ಹಲಗೆ, ಮಸಿ, ಶೀಟು, ಮೇಲೊಂದು ಕಂಬಳಿ.
ನೆಲ ಒಮ್ಮೆ ಗುಂಯ್ ಎಂದಿತು, ಅಷ್ಟೆ.
ಬಟ್ಟೆ ಎತ್ತುವ ಮೊದಲು ಒಂಬತ್ತೂ ಜನ ಸುಮ್ಮನಾದರು.
ಆರು ವಾರದಲ್ಲಿ ಅದೊಂದೇ ಸಲ.

ಬೀದಿ ಬಂತು.
ಬಸ್ಸು ಬಂತು, ಕಬಾಬಿನ ಹೊಗೆ ಬಂತು,
ಅಡ್ಡಮಳೆ ಬಂತು, ಸಿಬಿರು ಸಿಬಿರಾಗಿ.
ಕೀರನ್ ಕೆತ್ತಿದ ಬೋರ್ಡು ಮಾತ್ರ ಉಲ್ಟಾ.
ಬೀದಿಯ ಹೆಸರು ಬಲದಿಂದ ಎಡಕ್ಕೆ ನಡೆದಿತ್ತು.
ಮರೆತನೋ, ಬೇಕೆಂದೇ ಮಾಡಿದನೋ,
ಕಿವಿ ಕೆಂಪಾದದ್ದಷ್ಟೇ ಕಂಡಿತು.
‘ಅಜ್ಜ ಇದ್ದಿದ್ರೆ,’ ಅಂದ ಮೊಹ್ಸಿನ್,
‘ಈ ಊರಲ್ಲಿ ಇದೊಂದನ್ನೇ ಸರಿಯಾದ ಕಡೆಯಿಂದ ಓದ್ತಿದ್ರು.’
ಈಗ ನಕ್ಕರು. ಕೀರನ್ ಎಲ್ಲರಿಗಿಂತ ಕೊನೆಗೆ.

ಕೈ ಮಸಿಯಾದರೆ ಬಾಯಿಗೆ ಚಿಪ್ಸ್.
ಗಿರಣಿಯ ಕಬ್ಬಿಣದ ಬೇಲಿಗೆ ನಾಲ್ಕು ಶೀಟು ಒಣಹಾಕಿ
ವಿನೆಗರ್ ಹೆಚ್ಚಾಯಿತೆಂದು ಜಗಳವಾಡುತ್ತಿದ್ದರು.
ಕಂಬಳಿಯ ಅಂಚು ದಾಟಿದ ಮಸಿ ರೋಲರಿಗೂ ಅಂಟಿದ್ದು
ಆಗಲೇ ನನಗೆ ಕಂಡದ್ದು.
ಒರೆಸಬೇಕಿತ್ತು. ಚಿಂದಿ ಕೈಯಲ್ಲೇ ಇತ್ತು.
ಪಿಕರ್ಸ್‌ಗಿಲ್ ನನ್ನ ಕೈ ನೋಡಿದ, ಉರುಳೆ ನೋಡಿದ,
ಗೇರು ಹಾಕಿ ಹೊರಟೇಬಿಟ್ಟ.

ಡಿಪೋವರೆಗೂ ಇಳಿಜಾರಿನ ರಸ್ತೆಯ ಮೇಲೆ
ಎರಡು ಮಾರಿಗೊಮ್ಮೆ, ಮಸುಕಾಗುತ್ತ ಮಸುಕಾಗುತ್ತ,
ಜುಜಾನಾಳ ಮಳೆ.