ಕಣಜದ ಪಟ್ಟು

ನೀರಾದರೆ ಆಳ ಹೆಚ್ಚಿದಷ್ಟೂ ತಳ ನರಳುತ್ತದೆ.
ಗೋಧಿ ಹಾಗಲ್ಲ, ಎನ್ನುತ್ತಾಳೆ ಬಿಬಿಗುಲ್,
ಕೊಸ್ತನಾಯ್ ಆಚೆಯ ಕಾಂಕ್ರೀಟ್ ಕಣಜದ ಮೇಸ್ತ್ರಿ:
ಮೂವತ್ತು ಮೀಟರ್ ಸುರಿ,
ತಳಕ್ಕೆ ಗೊತ್ತಾಗುವುದು ಒಂದಿಷ್ಟೇ.
ಉಳಿದದ್ದು ಗೋಡೆಗೆ.
ಕಾಳು ಕಾಳಿನ ಹೆಗಲಿಗೊರಗಿ, ಅದು ಇನ್ನೊಂದಕ್ಕೆ,
ಕೊನೆಯದು ಸಿಮೆಂಟಿಗೆ ಮೈಯೊತ್ತಿ ನಿಲ್ಲುತ್ತದೆ.
ರಾತ್ರಿ ಪಾಳಿಯಲ್ಲಿ ಕಿವಿಯಿಟ್ಟು ಕೇಳಿದ್ದಾಳೆ:
ಒಳಗೆ ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ.

ಅಕ್ಟೋಬರಿನಲ್ಲಿ ಯೆರ್ಸಿನ್, ಹತ್ತೊಂಬತ್ತರ ಹುಡುಗ,
ಗಟ್ಟಿಕಟ್ಟಿದ ಪದರ ಒಡೆಯಲು ಇಳಿದ.
ಪದರದ ಕೆಳಗೆ ಪೊಳ್ಳು.
ಸೊಂಟದವರೆಗೆ ಹೋದ.

ಹಗ್ಗ ಎಳೆದವರು ಆರು ಮಂದಿ.
ಎಳೆದಷ್ಟೂ ಗೋಧಿ ಪಟ್ಟು ಬಿಗಿಮಾಡಿತು.
ಒಂದೊಂದು ಕಾಳೂ ಎಷ್ಟು ಹಗುರ,
ಉಫ್ ಅಂದರೆ ಅಂಗೈಯಿಂದ ಹಾರೀತು;
ಎಲ್ಲವೂ ಸೇರಿ ಬಿಡೆವು ಅಂದರೆ
ಬಿಡವು.

ಎಳೀಬೇಡಿ! ಬಿಬಿಗುಲ್ ಕೂಗಿದಳು.
ಅವನ ಸುತ್ತ ತಗಡು ಇಳಿಸಿ ಬಾವಿ ಕಟ್ಟಿದರು.
ಬಕೆಟಿನಲ್ಲಿ, ಆಮೇಲೆ ಚಹಾದ ಬಟ್ಟಲಲ್ಲಿ,
ಕೊನೆಗೆ ಯಾರದೋ ಟೋಪಿಯಲ್ಲಿ
ಬಾವಿ ತೋಡಿದರು, ಮೂರು ಗಂಟೆ.
ಹುಡುಗ ಅಮ್ಮನನ್ನು ಕರೆದ, ಸಿಗರೇಟು ಕೇಳಿ
ಬೈಸಿಕೊಂಡ, ಸುಮ್ಮನಾದ.
ಮಂಡಿ ಕಂಡಿತು. ಪಾದ ಬಂತು,
ಒಂದು ಬೂಟು ಬರಲಿಲ್ಲ.

ಮಾರ್ಚಿನಲ್ಲಿ ಕಣಜದ ಬಾಯಿ ತೆರೆದಾಗ
ಗೋಧಿ ಹರಿಯಿತು, ನೀರಿನ ಹಾಗೇ.
ರಾಶಿ ತನ್ನ ಇಳಿಜಾರು ತಾನೇ ಕಟ್ಟಿಕೊಂಡಿತು,
ಒಂದು ಕಾಳು ಹೆಚ್ಚಾದರೂ ಜಾರುವಷ್ಟು ನೇರಕ್ಕೆ.
ಬೂಟು ಉರುಳಿ ಬಂದು
ನಡುದಾರಿಯಲ್ಲಿ ನಿಂತಿತು, ಅರ್ಧ ಹೂತು.

ಯೆರ್ಸಿನ್ ಬಗ್ಗಿದ.
ಎಳೆಯಲಿಲ್ಲ.
ಸುತ್ತಲಿನ ಕಾಳು ಬೆರಳಲ್ಲಿ ಸರಿಸುತ್ತ ಕೂತ.